ಆರುನೂರು ಕಿಲೋಮೀಟರಿಗೆ ಎರಡು ಗಂಟೆ

ಬೀರುವಿನ ಬೀಗಕ್ಕೆ ಮುನ್ನೂರು, ಕಿಟಕಿಯ ಗಾಜಿಗೆ ನಾನೂರೈವತ್ತು, ಬಡಗಿಯ ಕೂಲಿ ಬೇರೆ. ಕಳುವಾದ ಕಾಗದಕ್ಕೆ ಮಾತ್ರ ಬೆಲೆ ಕಟ್ಟುವ ಹಾಗಿರಲಿಲ್ಲ. ಅದು ಸತ್ತ ಮಾವ ಬರೆದಿಟ್ಟ ಉಯಿಲು. ಹಾಸಿಗೆ ಹಿಡಿದ ತನ್ನನ್ನು ಮೂರು ವರ್ಷ ನೋಡಿಕೊಂಡ ವಿಧವೆ ಸೊಸೆಗೇ ಮನೆ ಎಂದು ಅದರಲ್ಲಿತ್ತು. ಅದು ಸಿಗದಿದ್ದರೆ ಅವಳು ಬೀದಿಗೆ ಬೀಳುತ್ತಿದ್ದಳು.

ಆ ಮಧ್ಯಾಹ್ನ ಅವಳು ಓಡಿ ಬಂದದ್ದು ಟಿಕೆಟ್ ಅಕ್ಕನ ಹತ್ತಿರ. ಅಕ್ಕ ಇಪ್ಪತ್ತಾರು ವರ್ಷದಿಂದ ವಿಮಾನದ ಟಿಕೆಟ್ ಮಾಡಿಕೊಡುವವಳು. ಬೀದಿಯ ಕಳವುಗಳನ್ನು ಪತ್ತೆ ಮಾಡುವುದೂ ಅವಳೇ. ಪಕ್ಕದ ಜೆರಾಕ್ಸ್ ಅಂಗಡಿಯ ನಾನು ಬಾಗಿಲೆಳೆದುಕೊಂಡು ಹಿಂದೆಯೇ ಹೊರಟೆ.

ಮನೆಯಲ್ಲಿದ್ದ ಮೂವರೂ ನಮ್ಮನ್ನು ಕರೆಯದೆ ಊಟಕ್ಕೆ ಬಂದವರಂತೆ ನೋಡಿದರು.

"ಊರನ್ನೇ ಕರ್ಕೊಂಡು ಬಾ," ಎಂದಳು ಅತ್ತೆ ಸೊಸೆಗೆ. "ಇಲ್ಲದ ಉಯಿಲಿಗೆ ಕಳ್ಳತನದ ನಾಟಕ ಬೇರೆ! ನೀನೇ ಯಾರ ಕೈಲೋ ಒಡೆಸಿದೀಯ."

ಗಾಜು ಒಡೆದಾಗ ಸೊಸೆ ಕೆಲಸಕ್ಕೆ ಹೋಗಿದ್ದಳು, ಅತ್ತೆ ಸ್ನಾನಕ್ಕೆ.

"ಸರಿಯಾಗಿ ಹತ್ತೂ ಹತ್ತಕ್ಕೆ ಸದ್ದು ಕೇಳ್ತು," ಎಂದರು ಮಹಡಿಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು. "ಒಳಮೆಟ್ಟಿಲಿಳಿದು ಬರೋಷ್ಟರಲ್ಲಿ ಯಾರೂ ಇರ್ಲಿಲ್ಲ. ನನ್ನನ್ನ ಹಾಗೆ ನೋಡ್ಬೇಡಿ."

ಮೂರನೆಯವನು ಮೈದುನ. ವ್ಯಾಪಾರಕ್ಕೆಂದು ನಾಲ್ಕು ದಿನ ದೇಶದ ಗಡಿಯಾಚೆಯ ಪಟ್ಟಣದಲ್ಲಿದ್ದು ಆಗಷ್ಟೇ ಬಂದೆನೆಂದವನು, ಸೂಟ್‌ಕೇಸಿನ ಮೇಲೆ ಕೂತಿದ್ದ. ಕೇಳುವ ಮೊದಲೇ ಟಿಕೆಟ್ ಎಸೆದ.

"ಓದ್ಕೊಳ್ಳಿ. ಒಂಬತ್ತೂವರೆಗೆ ಅಲ್ಲಿ ಬಿಟ್ಟು ಹನ್ನೊಂದೂವರೆಗೆ ಇಲ್ಲಿಳಿದೆ. ಹತ್ತೂ ಹತ್ತಕ್ಕೆ ಮೋಡದ ಮೇಲಿದ್ದೆ."

"ಎರಡು ಗಂಟೆ ಕೂತು ಸೊಂಟ ಹಿಡೀಲಿಲ್ವೇನಪ್ಪಾ?" ಎಂದಳು ಅಕ್ಕ.

"ಹಿಡೀದೆ ಇರುತ್ತಾ? ಒಂದು ನಿದ್ದೆ ಮುಗಿಸಿ ಎದ್ರೂ ಇನ್ನೂ ಒಂದು ಗಂಟೆ ಬಾಕಿ ಇತ್ತು."

"ಈ ನಾಲ್ಕು ದಿನದಲ್ಲಿ ಕೈಗಡಿಯಾರದ ಮುಳ್ಳು ತಿರುಗಿಸಿದ್ಯಾ?"

"ಯಾಕೆ ತಿರುಗಿಸ್ಲಿ? ಸರಿಯಾಗೇ ಓಡ್ತಿದೆ. ನಿಮ್ಮ ತಲೆ ಓಡ್ತಿದ್ಯಾ ನೋಡ್ಕೊಳ್ಳಿ."

ಅಕ್ಕ ಎಲ್ಲರನ್ನೂ ಕೂರಿಸಿದಳು.

"ಆ ವಿಮಾನ ನಿಲ್ದಾಣಕ್ಕೂ ನಮ್ಮದಕ್ಕೂ ಆರುನೂರು ಕಿಲೋಮೀಟರ್. ಒಂದೇ ಗಂಟೆ ದಾರಿ. ಎರಡು ಗಂಟೆ ಹಿಡಿಯೋಕೆ ಅದೇನು ಎತ್ತಿನ ಗಾಡಿನಾ? ಟಿಕೆಟ್ಟಿನಲ್ಲಿ ಬಿಡೋ ಹೊತ್ತು ಅಲ್ಲಿಯ ಗಡಿಯಾರದ್ದು, ಇಳಿಯೋ ಹೊತ್ತು ಇಲ್ಲಿಯದು. ಅಲ್ಲಿ ನಮಗಿಂತ ಒಂದು ಗಂಟೆ ಹಿಂದೆ. ಅವರ ಒಂಬತ್ತೂವರೆ ಅಂದ್ರೆ ನಮ್ಮ ಹತ್ತೂವರೆ. ಮೇಷ್ಟ್ರಿಗೆ ಸದ್ದು ಕೇಳಿದಾಗ ವಿಮಾನ ಇನ್ನೂ ನೆಲದ ಮೇಲಿತ್ತು. ಇವನು ಮೋಡಕ್ಕೆ ಏಣಿ ಹಾಕಿದ್ನಾ?"

"ಮರೆತಿದ್ದೆ! ಗಂಟೆ ತಪ್ಪು ಹೇಳಿದ್ರೆ ಕಳ್ಳನಾ?"

"ಹೋದ ದಿನವೇ ಗೊತ್ತಾಗೋ ವಿಷಯ ಅದು. ನಾಲ್ಕು ದಿನ ಇದ್ದವನು ಮರೆಯಲ್ಲ. ನೀನು ಅಲ್ಲಿಗೆ ಹೋಗೇ ಇಲ್ಲ; ಟಿಕೆಟ್ ಕೊಂಡು ಇಲ್ಲೇ ಅಡಗಿದ್ದೆ. ಮೇಷ್ಟ್ರಿಗೆ ಒಳಮೆಟ್ಟಿಲಿದೆ, ಅವರು ಕಿಟಕಿ ಯಾಕೆ ಒಡೀಬೇಕು? ಅಮ್ಮ ಸ್ನಾನಕ್ಕೆ ಹೋಗೋ ಹೊತ್ತು ಗೊತ್ತಿದ್ದು, ಹೊರಬಾಗಿಲ ಬೀಗದ ಕೈ ಇಲ್ಲದವನು ನೀನು."

ಅತ್ತೆ ಸಿಡಿದೆದ್ದಳು. "ನನ್ನ ಮಗ ಕಳ್ಳನಾ? ಏಳೋ, ಪೆಟ್ಟಿಗೆ ತೆಗ್ದು ಇವಳ ಮುಖಕ್ಕೆ ಹಿಡಿ!"

ಅವನು ಏಳಲಿಲ್ಲ. ತಾಯಿಯೇ ರಟ್ಟೆ ಹಿಡಿದೆಬ್ಬಿಸಿ ಮುಚ್ಚಳ ತೆಗೆದಳು. ಶರ್ಟುಗಳ ನಡುವಿನ ಕಾಗದದಲ್ಲಿ ಗಂಡನ ಸಹಿ ಕಂಡಿತು.

ಮಗನ ಮುಖ ನೋಡದೆ ಕಾಗದವನ್ನು ಸೊಸೆಯ ಕಡೆ ಎಸೆದಳು. "ತಗೊಂಡು ಸಾಯಿ."

ಸೊಸೆಗೆ ಮನೆ ಉಳಿಯಿತು. ಅತ್ತೆಗೆ ಇದ್ದೊಬ್ಬ ಮಗನೂ ಇಲ್ಲದಂತಾದ. ಇಂದಿಗೂ ಅವಳು ಸೊಸೆ ಬಡಿಸಿದ್ದನ್ನು ಉಣ್ಣುತ್ತಾಳೆ, ಮಾತಾಡುವುದಿಲ್ಲ.