ಗಂಡನ ಹೆಸರು ಹೇಳದೆ ಕೂಗಿದ್ದು

ಫೇಸ್‌ಬುಕ್‌ನ ಚರಿತ್ರೆ ಗುಂಪಿನಲ್ಲಿ ಯಾರೂ ಉತ್ತರಿಸದೆ ಬಿಟ್ಟ ವಿಚಿತ್ರ ಪ್ರಶ್ನೆಗಳನ್ನು ಹೆಕ್ಕಿ, ಪ್ರತಿ ಭಾನುವಾರ ಅಲ್ಲೇ ಮತ್ತೆ ಹಾಕುವುದು ಚಿನ್ನದ ಗಣಿಯ ಊರಾದ ಊರಿಗಾಂನ ಸುಮಿತಾಳ ಹವ್ಯಾಸ. ಮೊನ್ನೆ ಮಧ್ಯಾಹ್ನ ಒಂದನ್ನು ಅಜ್ಜಿ ಅಮ್ಮಾಜಮ್ಮನಿಗೆ ಓದಿದಳು: "ಗಂಡನ ಹೆಸರೆತ್ತದ ಹೆಂಗಸರು, ಗಣಿ ಕುಸಿದಾಗ ಒಳಗಿದ್ದ ಗಂಡಂದಿರನ್ನು ಏನೆಂದು ಕೂಗಿದರು?"

ಸೊಪ್ಪು ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು.

"ನಾನು 'ಕಲಾ ಅಪ್ಪಾ' ಅಂತ ಕೂಗ್ದೆ ಕಣೇ. ನಿಮ್ಮಮ್ಮ ಕಲಾ ಆಗ ಕಂಕುಳ್ನಾಗಿದ್ಲು. ನಿನ್ ತಾತ ಮೇಲಕ್ಕೆ ಬರ್ಲೇ ಇಲ್ಲ."

ಸುಮಿತಾಳ ಅಂಗೈಯಲ್ಲಿ ಫೋನು ಕಾದ ಹೆಂಚಿನಂತೆ ಸುಟ್ಟಿತು. ಪ್ರಶ್ನೆ ಕೇಳಿದವರು ಅದರ ಕೆಳಗೆ ಹೊಸದಾಗಿ ಬರೆದಿದ್ದನ್ನು ಅವಳು ಗಟ್ಟಿಯಾಗಿ ಓದಿದಳು: "ಕೇಳಿಸ್ತು. ಕೂಗೋದು ಯಾಕೆ ನಿಲ್ಲಿಸ್ದೆ?"

"ನಿಲ್ಲಿಸ್ಲಿಲ್ಲ! ಎಲ್ರೂ ಸೇರಿ ನನ್ನ ಎಳ್ಕೊಂಡು ಹೋದ್ರು!" ಅಜ್ಜಿ ಫೋನಿಗೇ ಕಿರುಚಿದಳು.

ಅಜ್ಜಿ ಹೇಳಿದ್ದರಲ್ಲಿ ಒಂದಕ್ಷರವನ್ನೂ ಸುಮಿತಾ ಗುಂಪಿನಲ್ಲಿ ಬರೆದಿರಲಿಲ್ಲ.