ಎಮ್ಮೆಗೆ ತಕ್ಕ ಕಾಗದ

“ಇದು ಬಫೆಲೋನಾ? ಸೋಫಾ ಥರ ಇದೆ ಕಣೆ!” ಎಂದು ಧನುಶ್ರೀ ನಕ್ಕಳು.

ದೀಪಾಲಿ ಕತ್ತರಿ ಕೆಳಗಿಟ್ಟಳು. ನಿಜ ಹೇಳಬೇಕೆಂದರೆ ಅವಳಿಗೂ ಅದು ಸೋಫಾದಂತೆಯೇ ಕಂಡಿತು. ನಾಲ್ಕು ಕಾಲು, ನುಣ್ಣನೆಯ ಕಪ್ಪು ಕಾಗದದ ಮೈ. ಯಾರಾದರೂ ಬಂದು ಕೂರುವುದೊಂದೇ ಬಾಕಿ.

ಕೊಂಢವಾ ಬಡಾವಣೆಯ ಆ ಶಾಲೆಯಲ್ಲಿ ಐದನೇ ತರಗತಿಯವರು ಗೋಡೆಗೆ ಕಾಗದ ಅಂಟಿಸಿ ದೊಡ್ಡ ಚಿತ್ರ ಮಾಡುತ್ತಿದ್ದರು. ಶಾಲೆಯ ಮುಂದಿನ ರಸ್ತೆಯೇ ಆ ಚಿತ್ರ. ಧನುಶ್ರೀಗೆ ಅಪಾರ್ಟ್‌ಮೆಂಟು, ದೀಪಾಲಿಗೆ ಎಮ್ಮೆ. ದಿನಾ ಬೆಳಿಗ್ಗೆ ನಡುರಸ್ತೆಯಲ್ಲಿ ನಿಂತು ಸ್ಕೂಲ್ ವ್ಯಾನನ್ನು ತಡೆಯುವ ಎಮ್ಮೆ!

“ಅದನ್ನ ನನಗೆ ಕೊಡು. ನಿನಗೆ ಡ್ರಾಯಿಂಗ್ ಬರಲ್ಲ. ನೀನು ಗಮ್ ಹಚ್ಚು, ಸಾಕು,” ಎಂದಳು ಧನುಶ್ರೀ.

“ನಾಳಿತನಕ ತಡಿ. ಚೊಲೊ ಆಗ್ಲಿಲ್ಲಂದ್ರ ನೀನ ಮಾಡು,” ಎಂದಳು ದೀಪಾಲಿ. ಹೇಳಿಯೇನೋ ಬಿಟ್ಟಳು. ಹೇಗೆ ಮಾಡುವುದೆಂದು ಮಾತ್ರ ಗೊತ್ತಿರಲಿಲ್ಲ.

ಚಿತ್ರ ಮಾಡಿಸಲು ಬಂದಿದ್ದ ಸಿಂಧು ಮೇಡಂ ಮಕ್ಕಳ ಪುಸ್ತಕಗಳಿಗೆ ಚಿತ್ರ ಮಾಡುವವರು. ಆದರೆ ಅವರ ಪೆಟ್ಟಿಗೆಯಲ್ಲಿ ಒಂದೂ ಚಿತ್ರವಿರಲಿಲ್ಲ, ಬರೀ ಕಾಗದಗಳು. ಒಂದರ ಮೇಲೆ ಬಾಚಣಿಗೆ ಎಳೆದ ಗೆರೆ, ಇನ್ನೊಂದರ ಮೇಲೆ ಟೂತ್‌ಬ್ರಷ್ ಚಿಮ್ಮಿಸಿದ ಚುಕ್ಕಿ. ಮತ್ತೊಂದು ತೊಗಟೆಯಂತೆ ಒರಟು. ಅದನ್ನು ಹರಿದು ಅಂಟಿಸಿದರು. ಮರವಾಯಿತು!

“ನಾನು ಮೊದಲು ಚಿತ್ರ ಬರೆಯಲ್ಲ. ಮೊದಲು ಕಾಗದ ಮಾಡ್ತೀನಿ,” ಎಂದಿದ್ದರು ಮೇಡಂ.

ಮನೆಗೆ ಬಂದವಳೇ ದೀಪಾಲಿ ಕಪ್ಪು ಬಣ್ಣ ಕಲಸಿದಳು. ಬಾಚಣಿಗೆ ಎಳೆದಳು. ಉತ್ತ ಹೊಲವಾಯಿತು. ಟೂತ್‌ಬ್ರಷ್ ಚಿಮ್ಮಿಸಿದಳು. ಕಾಗದದ ತುಂಬ ಇರುವೆಗಳಾದವು. ಹಳೇ ಸೀರೆಯ ತುಂಡು ಒತ್ತಿದಳು. ಅದು ಸೀರೆಯಾಗಿಯೇ ಉಳಿಯಿತು. ಎಮ್ಮೆ ಮಾತ್ರ ಬರಲಿಲ್ಲ.

ಸಂಜೆ ಅಪ್ಪ ನಿಜಲಿಂಗಪ್ಪ ಕೆಲಸದಿಂದ ಬಂದ. ಅವನದು ಗಿಲಾವಿನ ಕೆಲಸ, ಹೊಸ ಗೋಡೆಗಳಿಗೆ ಸಿಮೆಂಟು ಬಳಿದು ಸಮ ಮಾಡುವುದು.

“ಯಾಕವ್ವಾ, ಮಾರಿ ಸಣ್ಣದು ಮಾಡೀದಿ?” ಎಂದು ಅವಳ ಕೆನ್ನೆ ಸವರಿದ.

ಗರಗರ!

ದೀಪಾಲಿ ಆ ಕೈ ಹಿಡಿದು ತಿರುಗಿಸಿದಳು. ಸಿಮೆಂಟು ತಿಂದ ಅಂಗೈ. ಅದರ ತುಂಬ ಸೀಳು, ಸುಕ್ಕು, ಅಡ್ಡಗೆರೆ.

“ಅಪ್ಪಾ, ಕೈ ತೊಳಕೊಂಡ್ ಬಾ. ಬಣ್ಣ ಹಚ್ತೀನಿ!”

“ಕೈಗೆ? ನಾ ಇನ್ನೂ ಊಟ ಮಾಡ್ಬೇಕವ್ವಾ!”

“ನನ್ನ ಸೀರಿಗೆ ಹತ್ತಿದ್ರ ಇಬ್ರಿಗೂ ಊಟ ಇಲ್ಲ, ನೋಡ್ರಿ!” ಎಂದು ಅವ್ವ ಒಳಗಿಂದ ಕೂಗಿದಳು.

ಅಪ್ಪ ಬಣ್ಣದ ಕೈಯನ್ನು ಕಾಗದಕ್ಕೆ ಒತ್ತಿದ. ಒಂದು, ಎರಡು, ಹತ್ತು. ಅಂಗೈ ಮೇಲೆ ಅಂಗೈ ಬಿದ್ದು ಕಾಗದವೆಲ್ಲ ಸುಕ್ಕುಗಟ್ಟಿದ ಕರಿ ಚರ್ಮವಾಯಿತು.

“ಏ, ಎಮ್ಮಿ ಮೈಯಾಗ ನಾ ಹೊಕ್ಕೆನೋ, ನನ್ನ ಕೈಯಾಗ ಎಮ್ಮಿ ಹೊಕ್ಕಿತ್ತೋ!” ಎಂದು ಅವನು ನಕ್ಕ.

ಕಾಗದ ಒಣಗಿದ ಮೇಲೆ ದೀಪಾಲಿ ಕತ್ತರಿ ಮುಟ್ಟಲಿಲ್ಲ. ಮೆಲ್ಲಗೆ ಕೈಯಲ್ಲೇ ಹರಿದಳು. ಹರಿದ ಅಂಚು ಕೂದಲಿನಂತೆ ಎದ್ದಿತು. ರಟ್ಟಿನ ಪೆಟ್ಟಿಗೆಯ ಮೇಲ್ಪದರ ಕಿತ್ತರೆ ಒಳಗೆ ಸಾಲುಸಾಲು ಉಬ್ಬುಗೆರೆ. ಅದು ಕೊಂಬಾಯಿತು.

ಮರುದಿನ ಎಮ್ಮೆ ಗೋಡೆಯ ನಡುಮಧ್ಯೆ ನಿಂತಿತು. ಹಿಂದಿನ ಬೆಂಚಿನವರೂ ಓಡಿ ಬಂದರು. ಎಲ್ಲರಿಗೂ ಅದರ ಬೆನ್ನು ಮುಟ್ಟಬೇಕು! ಯಾರೋ “ಪೋಂ ಪೋಂ” ಎಂದು ಹಾರ್ನ್ ಹೊಡೆದರು. ಎಮ್ಮೆ ಕದಲಲಿಲ್ಲ.

“ಯಾವ ಬ್ರಷ್‌ನಲ್ಲಿ ಮಾಡಿದ್ದು?” ಎಂದು ಮೇಡಂ ಕೇಳಿದರು.

ಎಲ್ಲರೂ ಅವಳನ್ನೇ ನೋಡಿದರು. ನಕ್ಕರೆ? ನಗಲಿ.

“ಬ್ರಷ್ ಅಲ್ರಿ ಮೇಡಂ, ನಮ್ಮಪ್ಪನ ಕೈ. ಅಂವ ಗಿಲಾವ್ ಮಾಡ್ತಾನ್ರಿ.”

ಯಾರೂ ನಗಲಿಲ್ಲ. ಮೇಡಂ ಮತ್ತೊಮ್ಮೆ ಎಮ್ಮೆಯ ಬೆನ್ನು ಸವರಿದರು.

“ಇಪ್ಪತ್ತು ವರ್ಷದಿಂದ ಕಾಗದ ಮಾಡ್ತಿದೀನಿ. ಇಂಥದ್ದು ನನ್ನ ಹತ್ರ ಒಂದೂ ಇಲ್ಲ. ನನಗೂ ಒಂದು ಮಾಡಿಕೊಡ್ತೀಯಾ?”

ದೀಪಾಲಿಯ ಕಿವಿ ಬಿಸಿಯಾಯಿತು. ಖುಷಿಗೂ ಕಿವಿ ಬಿಸಿಯಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಧನುಶ್ರೀ ಹತ್ತಿರ ಬಂದು ಪಿಸುಗುಟ್ಟಿದಳು. “ನನ್ನ ಅಪಾರ್ಟ್‌ಮೆಂಟ್ ಬಿಸ್ಕೆಟ್ ಡಬ್ಬಿ ಥರ ಕಾಣ್ತಿದೆ. ಏನ್ ಮಾಡ್ಲಿ, ಹೇಳೆ?”

ದೀಪಾಲಿ ಅವಳನ್ನು ವರಾಂಡಕ್ಕೆ ಎಳೆದುಕೊಂಡು ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟಳು. ದಿನಾ ನೋಡುವ ಗೋಡೆಯೇ. ಆದರೆ ಈಗ ಒಂದೊಂದು ಉಬ್ಬುತಗ್ಗೂ ಬೆರಳಿಗೆ ಸಿಗುತ್ತಿತ್ತು. ಯಾವತ್ತೋ ಯಾರೋ ಬಳಿದ ಕೈಯ ಬೀಸು ಅಲ್ಲೇ ಉಳಿದಿತ್ತು.

“ಇಲ್ಲಿ ಕಾಗದ ಗಟ್ಟಿ ಹಿಡಿ,” ಎಂದಳು. “ನಾ ಮ್ಯಾಲ ಕ್ರೇಯಾನ್ ಉಜ್ತೀನಿ, ಗ್ವಾಡಿ ಕಾಗದದಾಗ ಮೂಡ್ತೈತಿ.”