ಒಂದೇ ಲೈನಿನ ಎರಡು ಓಣಿ

ಬೆಳಿಗ್ಗೆ ಆರು ಗಂಟೆಗೆ ದಾಕ್ಷಾಯಣಿಯ ಮಣಿಕಟ್ಟಿನ ಮೇಲಿದ್ದ ಜೋಡಿಪಟ್ಟಿ ಎರಡು ಸಲ ನಡುಗಿತು. ಮೇಲಿನ ಸಾಲಿನಲ್ಲಿ ಅವಳ ಅಂಕಿ ಮೂಡಿತು: ಅರವತ್ತಾರು. ಕೆಳಗಿನ ಸಾಲಿನಲ್ಲಿ ತಮ್ಮ ಚನ್ನವೀರನದು: ಮೂವತ್ತನಾಲ್ಕು. ಹೋದ ವಾರ ಅದು ಮೂವತ್ತೊಂಬತ್ತಿತ್ತು. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಅವಳು ಎದ್ದು ಚಹಾಕ್ಕೆ ನೀರಿಟ್ಟಳು.

ಆರು ತಿಂಗಳ ಹಿಂದೆ ಅವಳ ಎಡ ಮೂತ್ರಪಿಂಡವನ್ನು ತೆಗೆದು ತಮ್ಮನಿಗೆ ಹಾಕಿದ್ದರು. ಗಾಯ ಮಾಯ್ದಿತ್ತು. ಆದರೆ ಪಕ್ಕೆಯ ಕೆಳಗೆ ಅಂಗೈಯಗಲದ ಜಾಗ ಜೋಮು ಹಿಡಿದು ಹಾಗೆಯೇ ಉಳಿದಿತ್ತು, ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಜೋಮು ಅಷ್ಟಕ್ಕೇ ನಿಂತಿರಲಿಲ್ಲ. ಹುಬ್ಬಳ್ಳಿಯ ಧ್ವಜ ಕೇಂದ್ರದಲ್ಲಿ ದಿನವಿಡೀ ಕೇಸರಿ, ಬಿಳಿ, ಹಸಿರು ಬಟ್ಟೆಯನ್ನು ಅಳೆದು ಹೊಲಿಯುತ್ತಿದ್ದಳು, ಮನೆಗೆ ಬಂದು ಉಣ್ಣುತ್ತಿದ್ದಳು, ಮಲಗುತ್ತಿದ್ದಳು. ಖುಷಿಯೂ ಇಲ್ಲ, ಅಳುವೂ ಇಲ್ಲ.

ಈ ಪಟ್ಟಿಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಿಂದೆಲ್ಲ ಮೂತ್ರಪಿಂಡದ ಕೆಲಸ ತಿಳಿಯಲು ರಕ್ತ ತೆಗೆದು ಕ್ರಿಯಾಟಿನಿನ್ ಎಂಬ ಕಸವನ್ನು ಅಳೆಯುತ್ತಿದ್ದರು. ಕಸ ಹೆಚ್ಚಿದ್ದರೆ ಕೆಟ್ಟದ್ದು. ಅದರಿಂದ ಲೆಕ್ಕ ಹಾಕುವ ಸೋಸುಮಟ್ಟ, ಅಂದರೆ ಮೂತ್ರಪಿಂಡ ರಕ್ತವನ್ನು ಸೋಸುವ ವೇಗ, ಹೆಚ್ಚಿದ್ದಷ್ಟೂ ಒಳ್ಳೆಯದು. ಒಂದು ಏರಿದರೆ ಅಳಬೇಕು, ಇನ್ನೊಂದು ಏರಿದರೆ ನಗಬೇಕು. ಅರ್ಧ ಜನ ಇಲ್ಲಿಯೇ ಗೊಂದಲಕ್ಕೆ ಬೀಳುತ್ತಿದ್ದರು. ಡಾಕ್ಟರ್ ರೆಹಾನಾ ಮುಲ್ಲಾ ಹನ್ನೊಂದು ವರ್ಷ ದುಡಿದು ಮಾಡಿದ ಪಟ್ಟಿ ಚರ್ಮದ ಮೂಲಕ ಬೆಳಕು ಹಾಯಿಸಿ, ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಶುದ್ಧವಾಗುತ್ತಿದೆ ಎಂಬ ಒಂದೇ ಅಂಕಿಯನ್ನು ತೋರಿಸುತ್ತಿತ್ತು. ಅಂಕಿಯ ಪಕ್ಕದ ದೀಪ ಮಟ್ಟ ಚೆನ್ನಾಗಿದ್ದರೆ ಹಸಿರು, ತಗ್ಗಿದರೆ ಹಳದಿ. ಸೂಜಿಯಿಲ್ಲ, ಚೀಟಿಯಿಲ್ಲ. ಕೊಟ್ಟವರ ಅಂಕಿ ಪಡೆದವರ ಕೈಯಲ್ಲೂ, ಪಡೆದವರದು ಕೊಟ್ಟವರ ಕೈಯಲ್ಲೂ ಕಾಣಬೇಕೆಂಬುದೂ ಅವರದೇ ಆಸೆ. ಒಬ್ಬರಿಗೊಬ್ಬರು ಧೈರ್ಯವಾಗಿರುತ್ತಾರೆ ಎಂದುಕೊಂಡಿದ್ದರು.

ಚಹಾ ಕುದಿಯುವಷ್ಟರಲ್ಲಿ ಡಾಕ್ಟರರ ಫೋನು ಬಂತು. "ಅಕ್ಕಾರ, ತಮ್ಮನ್ನ ಕರಕೊಂಡು ಇವತ್ತ ಬರ್ರಿ."

ಚನ್ನವೀರ ಧಾರವಾಡದಿಂದ ಬಂದ. ಅವನು ನೀರು ಸರಬರಾಜಿನ ವಾಲ್ವ್‌ಮನ್. ಊರಿನ ನೀರಿನ ಟಾಕಿಗಳೆಲ್ಲ ಯಂತ್ರಗಳ ಕೈಗೆ ಹೋಗಿದ್ದರೂ ಹಳೆಯ ಓಣಿಗಳ ತುಕ್ಕು ಹಿಡಿದ ವಾಲ್ವ್‌ಗಳನ್ನು ಇನ್ನೂ ಮನುಷ್ಯನೇ ತಿರುಗಿಸಬೇಕಿತ್ತು. ಅವನ ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು.

"ಮಾತ್ರಿ ತಗೋತೀರೇನ್ರಿ?" ಎಂದು ಡಾಕ್ಟರು ಕೇಳಿದರು.

"ಅರ್ಧಾ ತಗೋತೀನ್ರಿ."

"ನೀರು?"

"ದಿನಕ್ಕ ಎರಡು ಲೋಟ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಯ್ಯೋ ಮಾರಾಯ, ಯಾಕ್ರಿ? ಆ ಮಾತ್ರಿ ಬಿಟ್ರ ನಿಮ್ಮ ಮೈ ಅಕ್ಕಾರ ಕಿಡ್ನಿನ ಪರಕೀಯ ಅಂತ ತಿಳದು ಸುಟ್ಟುಬಿಡ್ತದ!"

ಅವನು ಅಕ್ಕನ ಕೈ ಹಿಡಿದು ಪಟ್ಟಿಯನ್ನು ಡಾಕ್ಟರರ ಕಡೆಗೆ ತಿರುಗಿಸಿದ. "ಇದನ್ನ ನೋಡ್ರಿ. ಆಪರೇಶನ್ ಆಗಿ ಹದಿನೈದು ದಿನಕ್ಕ ಯಕ್ಕಂದು ಐವತ್ತನಾಕು, ಹಳದಿ ದೀಪ. ನಂದು ಅರವತ್ತೆಂಟು, ಹಸಿರು ದೀಪ. ಕೊಟ್ಟಾಕಿಗೆ ಹಳದಿ, ತಗೊಂಡಾವಗ ಹಸಿರು! ಇದ್ಯಾವ ನ್ಯಾಯರಿ? ನಾ ಇಪ್ಪತ್ತಾರು ವರ್ಷ ವಾಲ್ವ್ ತಿರುಗಿಸೀನಿ. ಒಂದ ಲೈನಿನ್ಯಾಗ ಎರಡು ಓಣಿ ಇದ್ವು ಅಂದ್ರ, ಕೆಳಗಿನ ಓಣಿದು ನಾಕು ಸುತ್ತು ಬಿಗಿ ಮಾಡಿದ್ರ ಮ್ಯಾಲಿನ ಓಣಿಗೆ ನೀರು ಏರ್ತದ. ನಂದು ಬಿಗಿ ಮಾಡಿದೆ. ತಿಂಗಳಾ ತಿಂಗಳಾ ಯಕ್ಕಂದು ಏರೇತಿ. ಐವತ್ತೇಳು, ಅರವತ್ತೊಂದು, ಈಗ ಅರವತ್ತಾರು. ದೀಪಾನೂ ಹಸಿರಾತು. ಸುಳ್ಳೇನು?"

ಅವನು ತಪ್ಪೊಪ್ಪಿಕೊಳ್ಳುತ್ತಿರಲಿಲ್ಲ. ಕೆಲಸ ಮುಗಿಸಿ ಬಂದವನು ಮೇಲಿನವರಿಗೆ ವರದಿ ಕೊಡುವಂತೆ ಹೇಳುತ್ತಿದ್ದ. ದಾಕ್ಷಾಯಣಿ ತಮ್ಮನನ್ನೇ ನೋಡುತ್ತ ಕುಳಿತಳು. ಬೈಯಬೇಕೆಂದು ತಲೆಗೆ ಹೊಳೆಯಿತು, ನಾಲಿಗೆಗೆ ಬರಲಿಲ್ಲ.

ಡಾಕ್ಟರು ಸಮಾಧಾನ ತಂದುಕೊಂಡು ಬಿಡಿಸಿ ಹೇಳಿದರು. "ನೋಡ್ರಿ ಚನ್ನವೀರಪ್ಪ, ಇದು ಒಂದ ಲೈನ್ ಅಲ್ಲ, ಎರಡು ಬ್ಯಾರೆ ಬ್ಯಾರೆ ಊರು. ಎರಡು ಕಿಡ್ನಿ ಇದ್ದವ್ರಿಗೆ ಸೋಸುಮಟ್ಟ ತೊಂಬತ್ತು, ನೂರು ಇರ್ತದ. ಒಂದು ತೆಗೆದ್ರ ಅರ್ಧಕ್ಕ ಬಂದು ನಿಲ್ತದ. ಆಮ್ಯಾಲ ಉಳಿದ ಕಿಡ್ನಿ ಎರಡರ ಕೆಲಸ ಒಂದ ಮಾಡಬೇಕಲ್ಲ, ಮೆಲ್ಲಕ ದೊಡ್ಡದಾಗ್ತದ. ಮೊದಲಿದ್ದದ್ದರ ಮುಕ್ಕಾಲು ಪಾಲಿನ ತನಕಾ ಏರಬಹುದು. ನೀವು ನೀರು ಕುಡದ್ರೂ ಅಕ್ಕಾರದು ಏರ್ತಿತ್ತು, ಬಿಟ್ರೂ ಏರ್ತಿತ್ತು. ಕೊಟ್ಟವ್ರಿಗೆ ಐವತ್ತು, ಅರವತ್ತು ಅಂದ್ರ ರೋಗ ಅಲ್ಲ. ನಿಮಗೂ ಐವತ್ತು ಇದ್ರ ಭಾಳ ಛಲೋ. ಆದ್ರ ಹದಿನೈದರ ಕೆಳಗ ಇಳದ್ರ ಮತ್ತ ಡಯಾಲಿಸಿಸ್ಸೇ ಗತಿ."

"ಮತ್ತ ಆ ಹಳದಿ ದೀಪ?"

ಡಾಕ್ಟರು ಪಟ್ಟಿಯನ್ನು ಹತ್ತಿರಕ್ಕೆ ಎಳೆದು ನೋಡಿದರು. ಅರವತ್ತರ ಕೆಳಗಿಳಿದರೆ ಹಳದಿ ಎಂಬ ಗೆರೆಯನ್ನು ಎಳೆದದ್ದು ಎರಡೂ ಮೂತ್ರಪಿಂಡ ಇದ್ದವರನ್ನು ನೋಡಿ. ಒಂದನ್ನು ಕೊಟ್ಟು ಬಂದವರಿಗೆ ಬೇರೆ ಗೆರೆ ಬೇಕೆಂದು ಹನ್ನೊಂದು ವರ್ಷದಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಅದು ನನ್ನ ತಪ್ಪು," ಎಂದರು. "ಇವತ್ತ ಬದಲಿ ಮಾಡಸ್ತೀನಿ."

ಚನ್ನವೀರ ವಿನಯದಿಂದಲೇ ತಲೆಯಾಡಿಸಿದ. "ನೀವು ಕಲಿತಾವ್ರು. ನಾ ಏನ್ ಹೇಳ್ಲಿ? ಆದ್ರ ಕಣ್ಣಾರೆ ಕಂಡೀನ್ರಿ. ನಂದು ಇಳೀತು, ಆಕಿದು ಏರ್ತು. ಸಣ್ಣಾಂವ ಇದ್ದಾಗಿಂದ ಯಕ್ಕನ ತಾಟಿನ್ಯಾಗಿಂದು ಉಂಡು ಬೆಳದೀನಿ. ಇದೊಂದರೆ ಆಕಿಗೆ ಕೊಡಾಕ ಬಿಡ್ರಿ." ಅಷ್ಟು ಹೇಳಿ, ನೀರು ಬಿಡುವ ಹೊತ್ತಾಯಿತೆಂದು ಎದ್ದು ಹೊರಗೆ ಹೋದ.

"ಇನ್ನ ಹದಿನೈದು ದಿನ ಹಿಂಗ ನಡದ್ರ ಆ ಕಿಡ್ನಿ ಉಳಿಯೂದಿಲ್ಲ ಅಕ್ಕಾರ. ನಿಮ್ಮದು ಕೊಟ್ಟದ್ದೂ ದಂಡ, ಅವರ ಜೀವಾನೂ ದಂಡ," ಎಂದರು ಡಾಕ್ಟರು. "ನಾ ಖರೇನ ಹೇಳಿದೆ, ಅವ್ರು ಕೇಳವಲ್ರು."

ದಾಕ್ಷಾಯಣಿ ಪಟ್ಟಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು. "ಇದು ಸುಳ್ಳು ಹೇಳೂಹಂಗ ಮಾಡಾಕ ಬರ್ತದೇನ್ರಿ?"

"ಏನಂದ್ರಿ?"

"ಅಂವ ನಿಮ್ಮ ಮಾತು ನಂಬೂದಿಲ್ಲ, ನನ್ನ ಮಾತೂ ನಂಬೂದಿಲ್ಲ. ಇದನ್ನ ನಂಬ್ತಾನ. ಅವನ ಅಂಕಿ ಇಳದ್ರ ನಂದೂ ಇಳೀಬೇಕು, ಅವಂದು ಏರಿದ್ರ ನಂದೂ ಏರಬೇಕು. ಎರಡೂ ಪಟ್ಟಿ ಹಂಗ ತೋರಸ್ಲಿ."

"ಅಕ್ಕಾರ, ಇದು ಒಂದ ಅಂಕಿನೂ ತಪ್ಪು ಹೇಳಬಾರದು ಅಂತ ಹನ್ನೊಂದು ವರ್ಷ ನಿದ್ದಿಗೆಟ್ಟೀನಿ ನಾ."

"ಇದು ತಪ್ಪು ಹೇಳದ್ದಕ್ಕ ನನ್ನ ತಮ್ಮ ಸಾಯಾಕತ್ತಾನಲ್ರಿ."

ಬಟ್ಟೆಯ ಅಳತೆ ಹೇಳುವ ದನಿಯಲ್ಲಿಯೇ ಅವಳು ಇದನ್ನು ಹೇಳಿದಳು. ಅಳು ಬಂದಿದ್ದರೆ ಇಷ್ಟು ಕೇಳಲಾಗುತ್ತಿರಲಿಲ್ಲವೇನೋ. ಡಾಕ್ಟರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಕೊನೆಗೆ, "ನಿಮ್ಮ ಖರೇ ಅಂಕಿ ನನಗ ಬಂದಿರ್ತದ, ನಿಮಗ ಕಾಣೂದಿಲ್ಲ. ನಡೀತದೇನು?" ಎಂದು ಕೇಳಿದರು. ಅವಳು ಹೂಂ ಎಂದಳು.

ಆಸ್ಪತ್ರೆಯ ಗೇಟಿನ ಹತ್ತಿರ ಚನ್ನವೀರ ಬಸ್ಸಿಗೆ ಕಾಯುತ್ತಿದ್ದ.

"ಚನ್ನ್ಯಾ, ತುಂಬಿ ಹರಿಯೂ ಲೈನಿನ ವಾಲ್ವ್ ಗಪ್ಪನ ಬಂದ್ ಮಾಡಿದ್ರ ಏನಾಗ್ತದೋ?"

"ಹಿಂದಿನ ಪೈಪಿಗೆ ಹೊಡತಾ ಬೀಳ್ತದ. ಹಳೇದಿದ್ರ ಒಡದ ಹೋಗ್ತದ."

"ಹಿಂದಿನ ಪೈಪು ನಾನ. ಮೊದಲ ಏರೇತಿ, ಖರೆ. ಇನ್ನ ಮುಂದ ಒಡೀತದ. ನಾಳೆ ಮುಂಜಾನೆ ಪಟ್ಟಿ ನೋಡು ಬೇಕಾದ್ರ."

ಅವನು ಬಸ್ಸು ಹತ್ತಿದ. ಮರುದಿನ ಆರು ಗಂಟೆಗೆ ಅವಳ ಪಟ್ಟಿಯ ಮೇಲಿನ ಸಾಲಿನಲ್ಲಿ ಐವತ್ತೊಂದು ಮೂಡಿತು. ಆರೂ ಐದಕ್ಕೆ ಫೋನು ಬಂತು. ತಮ್ಮ ಹುಚ್ಚನಂತೆ ಕೂಗುತ್ತಿದ್ದ. "ಯಕ್ಕಾ, ನಿಂದು ಧಡಕ್ಕನ ಇಳದೈತಿ! ಪೂರಾ ಮಾತ್ರಿ ತಗೊಂಡೆ. ಎರಡು ತಂಬಿಗಿ ನೀರೂ ಕುಡದೆ. ನೀ ಹೆದರಬ್ಯಾಡ!"

ಆ ವಾರದೊಳಗೆ ಮೂತ್ರಪಿಂಡ ಕೊಟ್ಟವರೆಲ್ಲರ ಪಟ್ಟಿಗಳಲ್ಲಿ ಬಣ್ಣದ ಗೆರೆ ಸರಿಹೋಯಿತು. ಸಾವಿರಾರು ಪಟ್ಟಿಗಳು ಸತ್ಯ ಹೇಳಿದವು, ಈ ಒಂದು ಜೋಡಿ ಬಿಟ್ಟು. ಎರಡು ತಿಂಗಳಲ್ಲಿ ಚನ್ನವೀರನದು ನಲವತ್ತೇಳಕ್ಕೆ ಬಂದು ನಿಂತಿತು. ಹೋದದ್ದು ಪೂರ್ತಿ ಬರುವುದಿಲ್ಲ, ಆದರೆ ಇಷ್ಟು ಸಾಕು ಎಂದರು ಡಾಕ್ಟರು. ದಾಕ್ಷಾಯಣಿ ಎಂದಿನಂತೆ ಧ್ವಜ ಹೊಲಿಯುತ್ತಿದ್ದಳು, ಉಣ್ಣುತ್ತಿದ್ದಳು, ಮಲಗುತ್ತಿದ್ದಳು.

ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದಾಗ ಪಟ್ಟಿ ನಡುಗಿತು. ತಮ್ಮನ ಅಂಕಿಯ ಜೊತೆಗೆ ಮೇಲಿನ ಸಾಲಿನ ಅವಳದೂ ಅರವತ್ತರಿಂದ ಐವತ್ತೆರಡಕ್ಕೆ ಇಳಿದಿತ್ತು. ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು, ಆ ಸುಳ್ಳನ್ನು ಬೇಡಿ ತಂದವಳೇ ಅವಳು. ಆದರೂ ಎದೆ ಧಸಕ್ಕೆಂದಿತು. ಕೇಸರಿ ಬಟ್ಟೆಯ ಮೇಲೆ ಹೊಲಿಗೆ ಸೊಟ್ಟಗೆ ಹೋಯಿತು. ಎಂಟು ತಿಂಗಳಲ್ಲಿ ಮೊದಲ ಸಲ ಅವಳಿಗೆ ಹೆದರಿಕೆಯಾಗಿತ್ತು. ಫೋನು ಹಚ್ಚಿದಳು.

"ಎಲ್ಲಿ ಸತ್ತೀಯೋ ಭಾಡ್ಯಾ? ನೀರು ಕುಡದೀಯಿಲ್ಲೋ?" ಎನ್ನುವಷ್ಟರಲ್ಲಿ ದನಿ ಒಡೆಯಿತು.

"ಯಕ್ಕಾ, ಅಳಬ್ಯಾಡಬೇ! ದೊಡ್ಡ ಪೈಪ್ ಒಡದಿತ್ತು, ಬಿಸಿಲಾಗ ಮುಂಜಾನಿಂದ ಇಲ್ಲೇ ನಿಂತೀನಿ, ಮರತೆ. ತಪ್ಪಾತು. ಈಗ ಕುಡಿಯಾಕತ್ತೀನಿ, ಕೇಳಿಲ್ಲೆ."

ಗಟಗಟ ನೀರು ಇಳಿಯುವ ಸದ್ದು ಕೇಳಿಸಿತು. ಅವಳು ಕಣ್ಣೊರೆಸಿಕೊಳ್ಳುತ್ತ, ತಂಬಿಗೆ ಖಾಲಿಯಾಗುವವರೆಗೂ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು.

"ಇನ್ನೊಂದು ತಂಬಿಗಿ ಕುಡಿ," ಎಂದಳು.